ದುರ್ಗದಬೈಲ್ ಹತ್ತಿರದ ಹಳೆಯ ಕಟ್ಟಡದಲ್ಲಿ ಬಾಡಿಗೆ ಮನೆ: ಅಡ್ವಾನ್ಸ್ ಕೊಡುವ ಮೊದಲು ಏನು ನೋಡಬೇಕು?

ಮಾಳಮಡ್ಡಿಯವರು:
ನಮಸ್ಕಾರ. ಧಾರವಾಡದಿಂದ ಹುಬ್ಬಳ್ಳಿಗೆ ಮನೆ ಬದಲಿಸಬೇಕೆಂದಿದ್ದೇವೆ. ದುರ್ಗದಬೈಲಿನ ಕೂಗಳತೆಯಲ್ಲಿರುವ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯ ಮನೆ ನನಗೂ ನನ್ನ ಹೆಂಡತಿಗೂ ನೋಡಿದ ಕೂಡಲೇ ಹಿಡಿಸಿತು. ಸಾಗವಾನಿ ಬಾಗಿಲು, ಶಹಾಬಾದಿ ಕಲ್ಲಿನ ನೆಲ, ಬೀದಿಯ ಮೇಲೆ ಚಾಚಿಕೊಂಡ ಕಟ್ಟಿಗೆಯ ಗ್ಯಾಲರಿ ಇವೆ, ಕೆಳಗೆ ಅಂಗಡಿಗಳಿವೆ. ಮಾಲೀಕರು 11 ತಿಂಗಳ ಕರಾರು ಮಾಡಿಕೊಡುತ್ತಾರಂತೆ, ಆದರೆ ಅಡ್ವಾನ್ಸ್ ಈ ವಾರವೇ ಬೇಕಂತೆ. ಎಪ್ಪತ್ತು ದಾಟಿದ ತಾಯಿಯವರೂ ನಮ್ಮೊಂದಿಗಿರುತ್ತಾರೆ. ತಿಳಿದವರು ಸಲಹೆ ನೀಡಬೇಕು.

ದಾಜಿಬಾನಪೇಟೆಯವರು:
ಸರ್, ಗ್ಯಾಲರಿಯನ್ನು ಆಮೇಲೆ ನೋಡಿದರಾಯಿತು, ಮೊದಲು ನಳವನ್ನು ನೋಡಿ. ಮಲಪ್ರಭೆಯ ರೇಣುಕಾಸಾಗರದಿಂದ ಅವಳಿ ನಗರಕ್ಕೆ ಬರುವ ನೀರು ಕೆಲವು ವಾರ್ಡುಗಳಿಗೆ ದಿನದ 24 ತಾಸೂ ಸಿಕ್ಕರೆ, ಉಳಿದ ಕಡೆ ಹಲವು ದಿನಗಳಿಗೊಮ್ಮೆ ಬರುತ್ತದೆ. ಆ ಓಣಿಯ ಲೆಕ್ಕ ಯಾವುದೆಂಬುದನ್ನು ಮಾಲೀಕರಿಗಿಂತ ಕೆಳಗಿನ ಅಂಗಡಿಯವರನ್ನು ಕೇಳುವುದು ಒಳ್ಳೆಯದು. ನಳ ಬರುವ ದಿನವೇ ಹೋಗಿ, ನೆಲದಡಿಯ ಟಾಕಿಯಲ್ಲಿ ಎಷ್ಟು ಮನೆಗಳ ಪಾಲಿದೆ, ಮೋಟಾರು ಯಾರ ಮೀಟರಿಗೆ ಜೋಡಿಸಿದೆ, ಮೇಲಿನ ಸಿಂಟೆಕ್ಸ್ ನಿಮಗೊಬ್ಬರಿಗೇ ಮೀಸಲೋ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಿ. ಇಂಥ ಕಟ್ಟಡಗಳಲ್ಲಿ ಬಾಡಿಗೆಗಾಗಿ ನಡೆಯುವ ಜಗಳಕ್ಕಿಂತ ನೀರಿಗಾಗಿ ನಡೆಯುವ ಜಗಳವೇ ಹೆಚ್ಚು. ಇನ್ನು, ಕಡಿದಾದ ಕಟ್ಟಿಗೆಯ ಪಾವಟಿಗೆ ಇದ್ದು, ಹಿಡಿದುಕೊಳ್ಳಲು ಮೇಲಿನಿಂದ ಇಳಿಬಿಟ್ಟ ಹಗ್ಗವೊಂದೇ ಆಸರೆಯಾಗಿದ್ದರೆ, ತಾಯಿಯವರನ್ನು ಒಮ್ಮೆ ಹತ್ತಿಸಿ ಇಳಿಸಿ ನೋಡದೆ ಮಾತು ಕೊಡಬೇಡಿ.

ಬ್ರಾಡವೇ ಬಾಡಿಗೆದಾರರು:
ನೀವು ಮನೆ ನೋಡಿದ್ದು ಬೆಳಿಗ್ಗೆ ಆಗಿರಬಹುದು. ಸಂಜೆ ಗಿರ್ಮಿಟ್ಟು, ಮಿರ್ಚಿಯ ಗಾಡಿಗಳು ನಿಂತ ಮೇಲೆ ಇನ್ನೊಮ್ಮೆ ಹೋಗಿ, ಮಲಗುವ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಗಣೇಶ ಚತುರ್ಥಿಗೂ ರಂಗಪಂಚಮಿಯ ಹಲಗೆಗೂ ಪೇಟೆಯಲ್ಲಿ ಕಿಟಕಿ ಮುಚ್ಚಿ ಪ್ರಯೋಜನವಿಲ್ಲ. ನನಗಂತೂ ಈ ಗದ್ದಲ ಸೇರುತ್ತದೆ, ಕಾಯಿಪಲ್ಲೆಗೆ ಗಾಡಿ ತೆಗೆಯುವ ಪ್ರಸಂಗವೇ ಬರುವುದಿಲ್ಲ. ಕಾರು ಇದ್ದರೆ ಮಾತ್ರ ಅದನ್ನು ಎಲ್ಲಿ ನಿಲ್ಲಿಸುತ್ತೀರೆಂದು ಈಗಲೇ ಯೋಚಿಸಿ.

ವಕೀಲರೊಬ್ಬರು:
ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕಾಗುತ್ತದೆ. 11 ತಿಂಗಳ ರೂಢಿ ಬಂದದ್ದು ಅದಕ್ಕಾಗಿಯೇ, ಅದರಲ್ಲಿ ಸಂಶಯಪಡುವಂಥದ್ದೇನೂ ಇಲ್ಲ. ಆದರೆ ಅವಧಿ ಮುಗಿದ ಮೇಲೆ ಬಾಡಿಗೆ ಎಷ್ಟು ಏರುತ್ತದೆ, ಬಿಡುವಾಗ ಸುಣ್ಣಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ, ಹಳೆಯ ಮಾಳಿಗೆ ಸೋರಿದರೆ ರಿಪೇರಿ ಯಾರದು ಎಂಬುದೆಲ್ಲ ಕರಾರಿನಲ್ಲಿ ಬರೆದಿರಲಿ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡಿ. ಪೇಟೆಯ ಕಟ್ಟಡಗಳಲ್ಲಿ ಕೆಳಗಿನ ಅಂಗಡಿಗೂ ಮೇಲಿನ ಮನೆಗೂ ಒಂದೇ ಮೀಟರ್ ಇರುವುದುಂಟು. ಅದು ವಾಣಿಜ್ಯ ಸಂಪರ್ಕವಾಗಿದ್ದರೆ ಗೃಹಜ್ಯೋತಿ ನಿಮಗೆ ಅನ್ವಯಿಸುವುದಿಲ್ಲ. ಮನೆಗೆ ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಆ ಆರ್‌ಆರ್ ಸಂಖ್ಯೆಗೆ ಹಿಂದಿನವರ ಆಧಾರ್ ಜೋಡಣೆ ಉಳಿದಿದ್ದರೆ ಮೊದಲು ಅದನ್ನು ತೆಗೆಸಬೇಕು.

ಮಾಳಮಡ್ಡಿಯವರು:
ಎಲ್ಲರಿಗೂ ಧನ್ಯವಾದಗಳು. ವಿಚಾರಿಸಿದಾಗ ಮೀಟರ್ ಒಂದೇ ಎಂದು ಗೊತ್ತಾಯಿತು. ನಳ ನಾಡಿದ್ದು ಬರುತ್ತದಂತೆ, ಅಂದು ತಾಯಿಯವರನ್ನೂ ಕರೆದುಕೊಂಡು ಹೋಗುತ್ತೇವೆ. ಬೇರೆ ಮೀಟರಿಗೆ ನಾವೇ ಹೆಸ್ಕಾಂಗೆ ಅರ್ಜಿ ಹಾಕಬಹುದೇ?

ವಕೀಲರೊಬ್ಬರು:
ಮಾಲೀಕರಿಂದಲೇ ಹಾಕಿಸಿ, ಕಟ್ಟಡದ ಕಾಗದಪತ್ರಗಳು ಅವರ ಬಳಿಯೇ ಇರುತ್ತವೆ. ಮೀಟರ್ ಕೂಡಿಸಿದ ಮೇಲೆಯೇ ಅಡ್ವಾನ್ಸ್ ಕೊಡುತ್ತೇವೆಂದು ಹೇಳಿದರೆ ಕೆಲಸ ಬೇಗ ಆಗುತ್ತದೆ.