ಘಟ್ಟ ಇಳಿಯುವಾಗ ಟಯರ್ ಗಾಳಿ ಒಮ್ಮೆಲೇ ಹೋದರೆ?

ಶಿರಸಿಯವಳು:
ಅಮ್ಮನ ಜೊತೆ ಆಗಾಗ ಕಾರಿನಲ್ಲಿ ಕುಮಟಾಕ್ಕೆ ಹೋಗುತ್ತೇನೆ. ಹೋದ ವಾರ ದೇವಿಮನೆ ಘಟ್ಟದಲ್ಲಿ ಮುಂದಿದ್ದ ಕಾರಿನ ಟಯರ್ ಒಡೆಯಿತು. ಕಾರು ಎಡಕ್ಕೆ ಎಳೆದುಕೊಂಡು ಹೋಗಿ ಗಟಾರದ ಅಂಚಲ್ಲಿ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನನಗೆ ಹೀಗಾದರೆ ಕಾಲು ಮೊದಲು ಬ್ರೇಕಿಗೇ ಹೋಗುತ್ತದೆ. ಅದು ತಪ್ಪಾ? ಆ ತಿರುವುಗಳಲ್ಲಿ ನಿಲ್ಲಿಸುವುದಾದರೂ ಎಲ್ಲಿ?

ಕುಮಟಾ ಟ್ಯಾಕ್ಸಿ:
ಅಕ್ಕಾ, ಈ ಘಟ್ಟದಲ್ಲೇ ನನ್ನ ದುಡಿಮೆ. ಒಡೆದ ಕೂಡಲೇ ಬ್ರೇಕ್ ಒತ್ತಲೇಬೇಡಿ. ಬ್ರೇಕ್ ಹಾಕಿದರೆ ಗಾಡಿಯ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಒಡೆದದ್ದು ಮುಂದಿನ ಟಯರ್ ಆದರೆ ಗಾಡಿ ಆ ಕಡೆಗೇ ತಿರುಗುತ್ತದೆ. ಹಿಂದಿನದಾದರೆ ಹಿಂಭಾಗ ಓಲಾಡುತ್ತದೆ, ಸ್ಟೇರಿಂಗಿಗಿಂತ ಸೀಟಲ್ಲೇ ಜಾಸ್ತಿ ಗೊತ್ತಾಗುತ್ತದೆ. ಎರಡೂ ಕೈಯಲ್ಲಿ ಸ್ಟೇರಿಂಗ್ ಗಟ್ಟಿ ಹಿಡಿದು ಗಾಡಿಯನ್ನು ಅದರ ದಾರಿಯಲ್ಲೇ ಇಡಿ. ಎಕ್ಸಲರೇಟರ್ ಮೇಲಿನ ಕಾಲು ಮೆಲ್ಲಗೆ ತೆಗೆಯಿರಿ.

ಸಪಾಟು ರಸ್ತೆಯಲ್ಲಿ ಇಷ್ಟು ಸಾಕು, ಗಾಡಿ ತಾನೇ ನಿಧಾನವಾಗುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದರೂ ಓಟ ನಿಲ್ಲುವುದಿಲ್ಲ. ಅದಕ್ಕೇ ಘಟ್ಟ ಶುರುವಾಗುವಾಗಲೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ, ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಗಾಡಿ ಹತೋಟಿಗೆ ಬಂದ ಮೇಲೆ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಒತ್ತಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ. ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತಿರುವಿನಲ್ಲಿ ನಿಲ್ಲಿಸಬೇಡಿ. ನಾಲ್ಕೂ ಇಂಡಿಕೇಟರ್ ಹಾಕಿ, ಎರಡೂ ಕಡೆಯಿಂದ ಕಾಣುವ ಅಗಲದ ಜಾಗದವರೆಗೆ ತೆವಳಿಕೊಂಡೇ ಹೋಗಿ. ರಿಮ್ ಹಾಳಾದರೆ ಆಗಲಿ, ಬೇರೆ ಸಿಗುತ್ತದೆ. ನಿಂತ ಮೇಲೆ ರಿವರ್ಸ್ ಗೇರ್, ಹ್ಯಾಂಡ್ ಬ್ರೇಕ್, ಚಕ್ರದ ಮುಂದೆ ಕಲ್ಲು. ಅಮ್ಮನನ್ನು ಎಡಬದಿಯಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಕೆಂಪು ತ್ರಿಕೋನವನ್ನು ಗಾಡಿಯ ಬೆನ್ನಿಗೇ ಇಟ್ಟರೆ ಏನೂ ಉಪಯೋಗವಿಲ್ಲ. ಹಿಂದೆ ತಿರುವಿದ್ದರೆ ಆ ತಿರುವಿಗೂ ಮೇಲೆ ಇಡಬೇಕು. ಮೇಲಿಂದ ಬರುವ ಲಾರಿಯವನಿಗೆ ತಿರುಗುವ ಮೊದಲೇ ಕಾಣಬೇಕಲ್ವಾ? ಹೊರಡುವಾಗ ಕಲ್ಲು ತೆಗೆಯಿರಿ. ರಾತ್ರಿ ಬೈಕಿನವರು ಅದಕ್ಕೇ ಬಡಿದು ಬೀಳುತ್ತಾರೆ.

ಅಂಕೋಲಾ ಪಂಚರ್ ಅಂಗಡಿ:
ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಗಾಳಿ ಜಾಸ್ತಿಯಾಗಿ ಟಯರ್ ಒಡೆಯುತ್ತದೆ ಅಂತ ಹೆದರಿ ಕಮ್ಮಿ ಹೊಡೆಸುವವರು ಬಹಳ. ಕಮ್ಮಿ ಗಾಳಿಯಲ್ಲಿ ಓಡಿದರೆ ಟಯರಿನ ಪಕ್ಕದ ಗೋಡೆ ಮತ್ತೆ ಮತ್ತೆ ಮಡಚಿ ಕಾಯುತ್ತದೆ, ಒಡೆಯುವುದು ಹಾಗೆ. ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿರುವಷ್ಟು ಗಾಳಿ ಇರಲಿ. ಬೆಳಿಗ್ಗೆ ಟಯರ್ ತಣ್ಣಗಿರುವಾಗಲೇ ನೋಡಿಸಿ. ಸ್ಟೆಪ್ನಿಯದ್ದೂ ನೋಡಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ. ಪಕ್ಕದ ಗೋಡೆಯಲ್ಲಿ ಉಬ್ಬು ಅಥವಾ ಸೀಳು ಕಂಡರೆ ಪಂಚರ್ ಹಾಕಿ ಓಡಿಸಬೇಡಿ, ಬದಲಿಸಿ. ಕಾರಿನ ಟಯರಿನ ಗೀರುಗಳ ಆಳ 1.6 ಮಿಲಿಮೀಟರ್ ಆಗುವವರೆಗೆ ಸವೆಯಬಹುದು ಅಂತ ನಿಯಮ. ನಮ್ಮ ಮಳೆಗೆ ಅದಕ್ಕೂ ಮೊದಲೇ ಬದಲಿಸುವುದು ಒಳ್ಳೆಯದು. ಟಯರ್ ಎಷ್ಟು ಹಳೆಯದು ಅಂತಲೂ ನೋಡಿ, ಅದರ ಮೇಲೆ 2319 ಅಂತಿದ್ದರೆ 2019ರ 23ನೇ ವಾರದ ಮಾಲು.

ಶಿರಸಿಯವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನನ್ನದು ಆಟೊಮ್ಯಾಟಿಕ್. ಗೇರ್ ಇಳಿಸುವುದು ಹೇಗೆ?

ಕುಮಟಾ ಟ್ಯಾಕ್ಸಿ:
ಲಿವರ್ ಹತ್ತಿರ ಎಲ್ ಅಥವಾ 2 ಅಂತಿದ್ದರೆ ಘಟ್ಟದ ತುದಿಯಲ್ಲೇ ಅದಕ್ಕೆ ಹಾಕಿ. ಪ್ಲಸ್ ಮೈನಸ್ ಇದ್ದರೆ ಮೈನಸ್ ಕಡೆ ತಟ್ಟಿ ಕೆಳಗಿನ ಗೇರಿಗೆ ತನ್ನಿ. ನಿಂತ ಮೇಲೆ ರಿವರ್ಸ್ ಅಲ್ಲ, ಪಿ. ಯಾರಿಗಾದರೂ ಪೆಟ್ಟಾದರೆ 112ಕ್ಕೆ ಮಾಡಿ. ಕೆಳಗೆ 66ರ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033. ಘಟ್ಟದಲ್ಲಿ ಕೆಲವು ಕಡೆ ಸಿಗ್ನಲ್ ಸಿಗುವುದಿಲ್ಲ, ಬರುವ ಬಸ್ಸಿಗೆ ಕೈ ಮಾಡಿ.