ಅವ್ವನ ಹೆಸರಿನಲ್ಲಿಟ್ಟ ಅನ್ನ ಅವ್ವನಿಗೆ ಮುಟ್ಟುತ್ತದೆಯೇ?

ಬೆಟಗೇರಿ ಮಗ್ಗ:
ನಾನು ಗದಗ-ಬೆಟಗೇರಿಯ ಕೈಮಗ್ಗದವನು. ಕಳೆದ ವರ್ಷ ಬೆನಕನ ಅಮಾವಾಸ್ಯೆಯ ಹೊತ್ತಿಗೆ ನೇಕಾರರ ತಂಡವೊಂದರ ಜೊತೆ ಲಾವೋಸಿನ ಲುವಾಂಗ್ ಪ್ರಬಾಂಗ್‌ಗೆ ಹೋಗಿದ್ದೆ. ಆ ಅಮಾವಾಸ್ಯೆ ಅವರಿಗೂ ಹಬ್ಬ, ‘ಬುನ್ ಖಾವ್ ಪದಪ್ ದಿನ್’. ಹಗಲಿಗೆ ನಾಮ್ ಖಾನ್ ಹೊಳೆಯಲ್ಲಿ ದೋಣಿ ಪಂದ್ಯ. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಅದಕ್ಕೂ ಮುಂಚಿನ ನಸುಕು. ಹೆಂಗಸರು ಬಾಳೆಎಲೆಯಲ್ಲಿ ಅನ್ನ, ಹಣ್ಣು ಕಟ್ಟಿಕೊಂಡು ಬಂದು ವಿಹಾರದ ಗೋಡೆಯ ಬುಡದಲ್ಲಿ, ಮರದ ಕೆಳಗೆ ಬರೀ ನೆಲದ ಮೇಲೆ ಇಟ್ಟು ಮೇಣದಬತ್ತಿ ಹಚ್ಚಿದರು. ಸತ್ತವರಿಗಂತೆ. ನಾನೂ ಒಂದು ಪೊಟ್ಟಣ ಇಟ್ಟೆ. ಅವ್ವ ತೀರಿಕೊಂಡು ಆಗ ಎಂಟು ತಿಂಗಳು.

ಪುಣ್ಯಕ್ಕೆ ಅಲ್ಲಿ ‘ಬುನ್’, ಪಾಪಕ್ಕೆ ‘ಬಾಪ್’ ಎನ್ನುತ್ತಾರೆ. ವಿಹಾರದಲ್ಲಿ ತಾಳೆಗರಿಯ ಕಟ್ಟುಗಳಿದ್ದವು. ಅಭ್ಯಾಸಬಲ, ನನ್ನ ಕಣ್ಣು ಹೋದದ್ದು ಸುತ್ತಿದ ಬಟ್ಟೆಯ ಮೇಲೆ. ಕಟ್ಟು ಬಾಗದಿರಲೆಂದು ಹೊಕ್ಕಿನ ನಡುನಡುವೆ ಬಿದಿರಿನ ಸೀಳು ಸೇರಿಸಿ ನೇಯ್ದಿದ್ದರು. ನೇಯ್ದು ಕೊಟ್ಟವಳಿಗೂ ಪುಣ್ಯವಂತೆ.

ಮಾಡಿದ್ದುಣ್ಣೋ ಮಹಾರಾಯ ಎಂಬುದೇ ಬುದ್ಧನ ಮಾತೂ ಆಗಿದ್ದರೆ, ನಾನಿಟ್ಟ ಅನ್ನ ಅವ್ವನಿಗೆ ಹೇಗೆ ಸೇರುತ್ತದೆ? ಅವಳು ಆಗಲೇ ಬೇರೆಲ್ಲೋ ಹುಟ್ಟಿದ್ದರೆ?

ಹಾವೇರಿ ಏಲಕ್ಕಿ:
ಸೇರಿದ್ದು ಇರುವೆಗೆ ಮತ್ತು ನಾಯಿಗೆ. ಹೆಚ್ಚಿನದು ಬೇಕಿದ್ದರೆ ಮುಂಡಗೋಡಿನ ಲಾಮಾಗಳನ್ನು ಕೇಳಿ, ಹುಬ್ಬಳ್ಳಿಯಿಂದ ಬಸ್ಸಿದೆ.

ಓಲೆಗರಿ, ಧಾರವಾಡ:
ಮುಂಡಗೋಡಿನವರದು ಟಿಬೆಟ್ಟಿನ ಪರಂಪರೆ. ಲಾವೋಸಿನದು ಥೇರವಾದ, ಪಾಲಿ ಗ್ರಂಥಗಳದ್ದು. ಬಸ್ಸಿನ ದುಡ್ಡು ಉಳಿಸಿಕೊಳ್ಳಿ.

ಆ ಹಬ್ಬದ ಹಿಂದಿರುವುದು ಬುದ್ಧನ ಕಾಲದ ಮಗಧದ ರಾಜ ಬಿಂಬಿಸಾರನ ಕತೆ. ಅವನ ಹಿಂದಿನ ಜನ್ಮದ ನೆಂಟರು ಪ್ರೇತಗಳಾಗಿ ಹಸಿದು ಕಾಯುತ್ತಿದ್ದರು. ರಾಜ ಬುದ್ಧನಿಗೆ ದಾನವನ್ನೇನೋ ಕೊಟ್ಟ, ಅವರನ್ನು ನೆನೆಯಲಿಲ್ಲ. ಆ ರಾತ್ರಿ ಅವು ಚೀರಿದವು. ಮರುದಿನ ಅವರ ಹೆಸರು ಹೇಳಿ ನೀರು ಬಿಟ್ಟು ಕೊಟ್ಟ ಮೇಲೆ ಅನ್ನಕ್ಕೆ ಅನ್ನ, ಬಟ್ಟೆಗೆ ಬಟ್ಟೆ ಸಿಕ್ಕಿತು. ಲಾವೋ ಜನ ಇಂದಿಗೂ ದಾನದ ಕೊನೆಗೆ ನೀರು ಬಿಡುತ್ತಾರೆ, ನಾವು ಧಾರೆ ಎರೆದ ಹಾಗೆ. ಪುಣ್ಯ ಮನಿಯಾರ್ಡರಿನಂತೆ ಹೋಗುವುದಿಲ್ಲ. ಸತ್ತವರು ಆ ದಾನ ಕಂಡು ಸಂತೋಷಪಡುತ್ತಾರೆ, ಆ ಸಂತೋಷವೇ ಅವರ ಸ್ವಂತ ಪುಣ್ಯ. ನಿಮ್ಮ ಗಾದೆ ಕೆಡಲಿಲ್ಲ.

ಎರಡನೆಯ ಪ್ರಶ್ನೆಯನ್ನು ಜಾನುಸ್ಸೋಣಿ ಎಂಬ ಬ್ರಾಹ್ಮಣ ಬುದ್ಧನಿಗೇ ಕೇಳಿದ್ದ. ನರಕದಲ್ಲೋ ಪ್ರಾಣಿಯಾಗಿಯೋ ದೇವರಾಗಿಯೋ ಹುಟ್ಟಿದವರಿಗೆ ಅಲ್ಲಲ್ಲಿಯ ಆಹಾರ, ನಮ್ಮದು ಮುಟ್ಟದು. ಪ್ರೇತಲೋಕದಲ್ಲಿದ್ದರೆ ಮಾತ್ರ ಮುಟ್ಟುತ್ತದೆ. ನಾನು ನೆನೆದವರು ಅಲ್ಲಿ ಇಲ್ಲದಿದ್ದರೆ? ಬೇರೆ ನೆಂಟರು ಉಣ್ಣುತ್ತಾರೆ. ಅವರೂ ಇಲ್ಲದಿದ್ದರೆ? ಇಷ್ಟು ದೀರ್ಘ ಸಂಸಾರದಲ್ಲಿ ಆ ಜಾಗ ನೆಂಟರಿಲ್ಲದೆ ಖಾಲಿ ಇರುವುದು ಸಾಧ್ಯವೇ ಇಲ್ಲ ಎಂದ ಬುದ್ಧ. ಈ ಉತ್ತರ ನನಗೆ ಬಹಳ ಇಷ್ಟ.

ಗರಿಗಳ ಮಾತಿಗೆ ಬಂದರೆ, ‘ಆನಿಸೋಂಗ್’ ಎಂಬ ಬರಹಗಳೇ ಬೇರೆ ಇವೆ. ನಮ್ಮಲ್ಲಿ ಫಲಶ್ರುತಿ ಪುರಾಣದ ಕೊನೆಗೆ ಬರುತ್ತದೆ. ಅಲ್ಲಿ ಅದೇ ಸ್ವತಂತ್ರ ಗ್ರಂಥ. ಮರಳಿನ ಸ್ತೂಪ ಕಟ್ಟಿದರೆ ಏನು ಫಲ, ಭಿಕ್ಷುಗಳಿಗೆ ಚೀವರ, ಅಂದರೆ ಉಡುವ ಬಟ್ಟೆ, ಕೊಟ್ಟರೆ ಏನು, ಗ್ರಂಥ ಬರೆಯಿಸಿದರೆ ಏನು ಎಂದು ಒಂದೊಂದಕ್ಕೂ ಪ್ರವಚನ. 1992ರಿಂದ 2004ರವರೆಗೆ ಜರ್ಮನಿಯ ನೆರವಿನಿಂದ 800ಕ್ಕೂ ಹೆಚ್ಚು ವಿಹಾರಗಳ ಗರಿಗಳನ್ನು ಪಟ್ಟಿ ಮಾಡಿದರು. ಸುಮಾರು 12,000 ಕೃತಿಗಳ ಚಿತ್ರಗಳು ಈಗ ಅಂತರಜಾಲದಲ್ಲಿವೆ. ಕೊನೆಯ ಗರಿ ತೆರೆದು ನೋಡಿ: ಬರೆಯಿಸಿದವರ ಹೆಸರು, ತಂದೆತಾಯಿಗೂ ಈ ಪುಣ್ಯ ಸಲ್ಲಲಿ ಎಂಬ ಹರಕೆ.

ಲಕ್ಕುಂಡಿಯವಳು:
ಇದು ನಮ್ಮೂರಿಗೆ ಹೊಸದಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ್ದು ಇದೇ ಲೆಕ್ಕದಲ್ಲಿ. ಅವಳು ಜೈನಳು, ಅದಕ್ಕೆ ಶಾಸ್ತ್ರದಾನ ಎನ್ನುತ್ತಿದ್ದರು. ಬೌದ್ಧರೂ ದೂರವೇನಿರಲಿಲ್ಲ; ಡಂಬಳದ 1095ರ ಶಾಸನದಲ್ಲಿ ತಾರಾದೇವಿಯ ವಿಹಾರದ ಮಾತಿದೆ.

ಬೆಟಗೇರಿ ಮಗ್ಗ:
ಗುರುಗಳೇ, ಅಕ್ಕಾ, ಇಬ್ಬರಿಗೂ ನಮಸ್ಕಾರ. ಏಲಕ್ಕಿ ಅಣ್ಣ ಹೇಳಿದ್ದೂ ಸುಳ್ಳಲ್ಲ, ಬೆಳಕು ಹರಿಯುವಷ್ಟರಲ್ಲಿ ನನ್ನ ಪೊಟ್ಟಣವನ್ನು ಒಂದು ಕಂದು ನಾಯಿ ತಿಂದಿತ್ತು. ಈಗ ಅದನ್ನೂ ನೆಂಟರ ಪೈಕಿ ಹಿಡಿಯಬೇಕಾಗಿದೆ.

ನಮ್ಮ ಮನೆಯ ಮಾಡದಲ್ಲಿ ಅಜ್ಜನ ಕಾಲದ ಓಲೆಗರಿಯ ಕಟ್ಟೊಂದಿದೆ. ಅವ್ವ ಪ್ರತಿ ದಸರೆಗೆ ಒರೆಸಿ, ಹೊಸ ಸುದ್ದಿಪತ್ರಿಕೆಯಲ್ಲಿ ಸುತ್ತಿಡುತ್ತಿದ್ದಳು. ಅದಕ್ಕೊಂದು ಬಟ್ಟೆ ನೇಯಬೇಕೆಂದಿದ್ದೇನೆ. ಹಾಸಿನ ಎಳೆಗೆ ಯಾವ ನೂಲು ಒಳ್ಳೆಯದು?

ಓಲೆಗರಿ, ಧಾರವಾಡ:
ಹತ್ತಿಯೇ ಸಾಕು. ಗಂಜಿಯನ್ನು ಪೂರ್ತಿ ತೊಳೆದು ತೆಗೆಯಿರಿ, ಅದಕ್ಕೆ ಹುಳು ಬರುತ್ತದೆ. ಸುದ್ದಿಪತ್ರಿಕೆಯನ್ನು ಇವತ್ತೇ ಬಿಚ್ಚಿಬಿಡಿ.