ಸೇಡಂ ರೋಡ್ ಪ್ಲಾಟ್: ಅರ್ಧ ಕ್ಯಾಶ್ ಕೇಳ್ಲಾಕತ್ತಾರ, ಲೋನ್ ಹೆಂಗ ಕೂಡ್ಸೋದು?

ತೊಗರಿಹೊಲ:
ಶರಣ್ರಿ ಎಲ್ಲಾರಿಗೂ. ಕಲಬುರಗಿ ಸೇಡಂ ರೋಡ್ ಕಡಿ ಒಂದ್ 30×40 ಎನ್‌ಎ (ಹೊಲದಿಂದ ಬ್ಯಾರೆ ಬಳಕಿಗಿ ಬದಲ್ಸಿದ) ಪ್ಲಾಟ್ ನೋಡೀನಿ, 32 ಲಕ್ಷ ಹೇಳ್ಯಾರ. ಮನಿ ಕಟ್ಟೋ ವಿಚಾರ ಇಲ್ಲ, ನಾಕೈದು ವರ್ಷ ಇಟ್ಟು ಮಾರಬೇಕಂತ. ಕೈಯಾಗ 15 ಲಕ್ಷ ಅದ, ಉಳಿದಿದ್ದು ಲೋನ್. ಈಗ ಪ್ಲಾಟಿನ ಮಾಲಕರು ಏನಂತಾರಂದ್ರ ರಿಜಿಸ್ಟ್ರಿ ಸರ್ಕಾರಿ ರೇಟಿಗಿ 18 ಲಕ್ಷಕ್ಕ ಮಾಡ್ಸಮು, 14 ಕ್ಯಾಶ್ ಕೊಡ್ರಿ, ನಿಮಗೂ ಸ್ಟ್ಯಾಂಪ್ ಖರ್ಚು ಉಳಿತದ ಅಂತ. ಏಜೆಂಟ ಅಂತೂ ನಾಳಿಗೇ ಎರಡು ಲಕ್ಷ ಇಸಾರ (ಮುಂಗಡ) ಕೊಡ್ರಿ ಅಂತ ಬೆನ್ನ ಹತ್ಯಾನ. ಖರೇನೇ ಉಳಿತದೇನ್ರಿ?

ಬಿಸಿಲೂರಿನವ:
ಅಣ್ಣಾ ಲೆಕ್ಕ ಹಾಕಿ ನೋಡ್ರಿ. ಬ್ಯಾಂಕಿನವ್ರು ರಿಜಿಸ್ಟ್ರಿ ರೇಟು ಮತ್ತ ಅವರ ವ್ಯಾಲ್ಯೂಯರ್ (ಆಸ್ತಿ ಬೆಲಿ ಕಟ್ಟೋನು) ಬರೆದ ರೇಟು ಇವೆರಡ್ರಾಗ ಯಾವ್ದು ಕಮ್ಮಿ ಅದರ ಮ್ಯಾಲ ಲೋನ್ ಕೊಡ್ತಾರ. 18ಕ್ಕ ಮಾಡ್ಸಿದ್ರ ಮುಕ್ಕಾಲು ಹಿಡಿದ್ರೂ ಹದಿಮೂರೂವರಿ ಸಿಗ್ತದ, ನೀವು ಹದಿನೆಂಟೂವರಿ ಹಾಕಬೇಕು, ಅಷ್ಟು ನಿಮ್ಮಲ್ಲಿಲ್ಲ. 32ಕ್ಕೇ ಮಾಡ್ಸಿ, ವ್ಯಾಲ್ಯೂಯರೂ ಅಷ್ಟು ಬರೆದ್ರ 24 ಲೋನ್, ನಿಮ್ದು 8 ಸಾಕು. ಹಾಂ, ಖರ್ಚು ಜಾಸ್ತಿ ಆಗ್ತದ, ಸ್ಟ್ಯಾಂಪು ಸೆಸ್ಸು ಎಲ್ಲಾ ಸೇರಿ ಐದೂವರಿ ಪರ್ಸೆಂಟ್ ಮ್ಯಾಲ, ರಿಜಿಸ್ಟ್ರೇಷನ್ ಫೀ 2 (2025ರ ಆಗಸ್ಟ್ ಕೊನಿಗಿ ಡಬಲ್ ಮಾಡ್ಯಾರ), ಅಂದ್ರ ಆ 14 ಲಕ್ಷದ ಮ್ಯಾಲ ಒಂದು ಲಕ್ಷದ ಹತ್ರ. ಆದ್ರ ನಾಳಿ ನೀವು ಮಾರೋವಾಗ ತಗೊಳ್ಳೋನು ಫುಲ್ ವೈಟ್, ಅಂದ್ರ ಪೂರಾ ರೊಕ್ಕ ಕಾಗದದಾಗೇ ತೋರಸ್ರಿ ಅಂದ್ರ? ಕಾಗದದಾಗ ನಿಮ್ಮ ಖರೀದಿ 18 ಅಷ್ಟೇ, ಆ 14 ಲಕ್ಷನೂ ನಿಮ್ಮ ಲಾಭ ಅಂತಾನೇ ಹಿಡಿತಾರ, ಎರಡು ವರ್ಷ ದಾಟಿದ್ರ ಹನ್ನೆರಡೂವರಿ ಪರ್ಸೆಂಟ್ ಟ್ಯಾಕ್ಸು, ಪೌಣೆರಡು ಲಕ್ಷ. ಎಲ್ಲಿ ಉಳಿತು?

ಬೀದರ್ ಬಿದ್ರಿ:
ರೇಟ್ ಬಿಡ್ರಿ, ಕಾಗದ ನೋಡೀರೇನು? ಎನ್‌ಎ ಆರ್ಡರ್ ಒಂದೇ ತೋರ್ಸಿ ಮಾರೋರು ಭಾಳ ಮಂದಿ. ಲೇಔಟ್ ಅಪ್ರೂವಲ್ ಬ್ಯಾರೆನೇ ಕೇಳ್ರಿ. ಇ-ಖಾತಾ (ಆಸ್ತಿ ಯಾರ ಹೆಸರಿಗದ ಅನ್ನೋ ಆನ್‌ಲೈನ್ ದಾಖಲಿ) ಇರ್ಲಿಲ್ಲಂದ್ರ ಈಗ ರಿಜಿಸ್ಟ್ರಿನೇ ಆಗಲ್ಲ. ಇ.ಸಿ. (ಆಸ್ತಿ ಮ್ಯಾಲ ಸಾಲ, ಮಾರಾಟ ಏನೇನಾಗ್ಯದ ಅನ್ನೋ ಪತ್ರ) ಸರ್ಕಾರದ ಕಾವೇರಿ ಆನ್‌ಲೈನ್‌ದಾಗ ನೀವೇ ತೆಗಿರಿ, ಏಜೆಂಟ ಕೊಟ್ಟ ಝೆರಾಕ್ಸ್ ನಂಬಬ್ಯಾಡ್ರಿ. ಇನ್ನ ಮಾಲಕರಿಗಿ ಪಿತ್ರಾರ್ಜಿತ ಇದ್ರ ವಂಶಾವಳಿ ತರ್ಸಿ ಅಕ್ಕತಂಗೇರ ಸಹಿ ಆಗ್ಯಾವಾ ನೋಡ್ರಿ. ನಮ್ಮ ಕಡಿ ಸಹಿ ಅಂದ್ರ ಅಣ್ಣತಮ್ಮಂದ್ರು ಹಾಕಿ ಮುಗಿಸ್ತಾರ, ಆಮ್ಯಾಗ ತಂಗಿ ಗಂಡ ಕೋರ್ಟಿಗಿ ಹೋಗ್ತಾನ. ಹೆಣ್ಮಕ್ಕಳಿಗೂ ಸಮಪಾಲು ಅಂತ 2005ರಾಗೇ ಕಾನೂನ್ ಆಗ್ಯದ.

ಭೀಮಾದಂಡಿ:
ನಂದು ಉಲ್ಟಾ ಮಾತು. 24 ಲಕ್ಷ, 9 ಪರ್ಸೆಂಟ್, 15 ವರ್ಷ ಅಂದ್ರ ತಿಂಗಳ ಕಂತು ಇಪ್ಪತ್ನಾಕು ಸಾವಿರ ಮ್ಯಾಲ, ಖಾಲಿ ಪ್ಲಾಟಿಗಿ ಬಾಡಿಗಿ ಒಂದ್ ರೂಪಾಯಿನೂ ಬರಲ್ಲ. ಮನಿ ಕಟ್ಟೋತನಕ ಟ್ಯಾಕ್ಸ್ ವಿನಾಯ್ತಿನೂ ಇಲ್ಲ. ಭಾಳ ಬ್ಯಾಂಕಿನವ್ರು ಪ್ಲಾಟ್ ಲೋನಿನಾಗೇ ಇಂತಿಷ್ಟು ವರ್ಷದಾಗ ಕಟ್ಟಬೇಕು ಅಂತ ಕಂಡೀಷನ್ ಹಾಕಿರ್ತಾರ, ನೀವು ಕಟ್ಟಲ್ಲ ಅಂತೀರಿ. ಏರ್‌ಪೋರ್ಟ್ 2019ರಾಗೇ ಶುರು ಆತು, ಅದರ ಹೆಸರ ಮ್ಯಾಲ ರೇಟ್ ಆಗ್ಲೇ ಏರ್ಸಿ ಕೂತಾರ. ಅದೇ ರೊಕ್ಕದಾಗ ಇಎಸ್‌ಐ ಆಸ್ಪತ್ರಿ ಕಡಿ ಹಳೀ ಮನಿ ಸಿಕ್ರ ಬಾಡಿಗಿನಾದ್ರೂ ಬರ್ತದ.

ತೊಗರಿಹೊಲ:
ಕಂಡೀಷನ್ ಮಾತು ಬ್ಯಾಂಕಿನವ್ರು ಹೇಳೇ ಇಲ್ರಿ, ನಾಳಿ ಕೇಳ್ತೀನಿ. ಇ-ಖಾತಾ ಕೇಳಿದ್ರ ಏಜೆಂಟ "ಬರ್ತದ ಬರ್ತದ" ಅಂತಾನ. ಇಸಾರ ಕೊಟ್ಟು ಕಾಯಲಾ?

ಬಿಸಿಲೂರಿನವ:
ಇ-ಖಾತಾ ಕೈಗಿ ಬರೋತನ ಬ್ಯಾಡ. ಆಮ್ಯಾಗ ಕೊಟ್ರೂ ಚೆಕ್ಕಿನಾಗೇ ಮಾಲಕರ ಹೆಸರಿಗಿ ಕೊಡ್ರಿ, ಲೋನ್ ಆಗ್ಲಿಲ್ಲಂದ್ರ ವಾಪಸ್ ಅಂತ ಕರಾರಿನಾಗ ಬರೆಸ್ರಿ. ಆಸ್ತಿಗಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಂಡ್ರ ತಗೊಂಡಷ್ಟೇ ದಂಡ ಬೀಳ್ತದ, ಅದೂ ತಗೊಂಡವ್ರ ಮ್ಯಾಲೇ. ಈ ಮಾತು ಏಜೆಂಟನ ಮುಂದ ಬ್ಯಾಡ, ಸೀದಾ ಮಾಲಕರಿಗೇ ಹೇಳ್ರಿ.